ವಿಯೆನ್ನಾದಲ್ಲಿ ಅಪ್ಪನ ಕಂಬಳಿ

ಈ ದೇಶಕ್ಕೆ ಬಂದ ಮೇಲೆ ನಾನು ಕಲಿತ ಮೊದಲ ಮಾತು ‘ಫೆರ್ಬೋಟನ್’. ಮಾಡಬಾರದ್ದಕ್ಕೆ ನಮ್ಮ ಕಡೆ ‘ಮನಾಯಿ’ ಅನ್ನುತ್ತೇವಲ್ಲ, ಅದೇ. ಬಂದ ಹೊಸದರಲ್ಲಿ ಹೆಂಡತಿ ಸುರೇಖಾ ನನ್ನನ್ನು ಇಲ್ಲಿನ ಹಳೆಯ ರಾಜರ ಅರಮನೆ ನೋಡಲು ಕರೆದುಕೊಂಡು ಹೋಗಿದ್ದಳು. ಅರಮನೆ ಹಾಗಿರಲಿ, ಅದರ ಮುಂದಿನ ಹುಲ್ಲು ನೋಡಿ ನನಗೆ ದಿಗಿಲಾಯಿತು. ಕಣ್ಣು ಹೋದಷ್ಟು ದೂರ ಹಸಿರು. ಅಷ್ಟು ಹುಲ್ಲಿನಲ್ಲಿ ಒಂದು ಕುರಿ ಇಲ್ಲ, ಒಂದು ಆಡು ಇಲ್ಲ, ಕೋಲು ಹಿಡಿದ ಒಬ್ಬ ಮನುಷ್ಯನೂ ಇಲ್ಲ. ಆಸೆ ತಡೆಯದೆ ನಡುವೆ ಹೋಗಿ ಕೂತುಬಿಟ್ಟೆ. ಎಲ್ಲಿಂದಲೋ ಸೀಟಿ ಕೇಳಿಸಿತು. ಸಮವಸ್ತ್ರದವನೊಬ್ಬ ಬಂದು ನೆಟ್ಟಿದ್ದ ಫಲಕ ತೋರಿಸಿ ‘ಫೆರ್ಬೋಟನ್’ ಅಂದ. ತಲತಲಾಂತರದಿಂದ ಕುರಿ ಕಾದ ಮನೆತನದ ಗಂಡಸು ನಾನು, ಹುಲ್ಲಿನ ಮೇಲಿಂದ ಎಬ್ಬಿಸಿಕೊಂಡೆ. ಸುರೇಖಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮೂರು ವಲಾಂಡಿ. ಮಹಾರಾಷ್ಟ್ರದ ಗಡಿ, ಆಚೆ ಬೀದರ ಜಿಲ್ಲೆ. ನಾನು ಉದಗೀರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡು ಸುತ್ತಲ ಹಳ್ಳಿಗಳ ಬೋರುಗಳಿಗೆಲ್ಲ ಜೀವ ತುಂಬುತ್ತಿದ್ದವನು. ಸುರೇಖಾ ನಿಲಂಗಾದವಳು, ನರ್ಸು. ಡ್ಯೂಟಿ ಮುಗಿಸಿ ಬಂದು ಜರ್ಮನ್ ಭಾಷೆ ಕಲಿತು, ಪರೀಕ್ಷೆ ಪಾಸಾಗಿ, ವಿಯೆನ್ನಾದ ಒಂದು ಆಸ್ಪತ್ರೆಯಲ್ಲಿ ನೌಕರಿ ಹಿಡಿದಳು. ನಾನು ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು ಅವಳ ಹಿಂದೆ ಹೊರಟೆ. ಊರವರು ಬಿಡುತ್ತಾರೆಯೇ? “ಏನ್ ಮಾಳಪ್ಪಾ, ಹೆಂಡ್ತಿ ಸೆರಗ ಹಿಡ್ಕೊಂಡು ಹೊಂಟ್ಯಾ?” ಅಂದರು. “ಹೌದ್ರೀ, ಸೆರಗ ಗಟ್ಟಿ ಅದ” ಅಂದೆ. ಈಗ ಇಲ್ಲಿ ಲಿಫ್ಟು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಕೆಲಸ. ಊರಲ್ಲಿ ನೀರು ಮೇಲೆ ತರುತ್ತಿದ್ದೆ, ಇಲ್ಲಿ ಜನರನ್ನು ಮೇಲೆ ಕಳಿಸುತ್ತೇನೆ.

ಭಾಷೆಗೆ ನಾನು ಅಷ್ಟೊಂದು ಹೆದರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಉದಗೀರಿನ ಪೇಟೆಯಲ್ಲಿ ದಖ್ಖನಿ ಹಿಂದಿ ಮಾತಾಡುತ್ತ ಬೆಳೆದವನಿಗೆ ಇನ್ನೊಂದು ಬಂದರೆ ಚಾಪೆ ಸ್ವಲ್ಪ ಸರಿಸಿ ಜಾಗ ಮಾಡಿದರಾಯಿತು. ಹೆದರಿಸಿದ್ದು ಮೌನ. ವಲಾಂಡಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ, ಚೀಲದಲ್ಲಿ ಏನಿದೆ ಎಂದು ಕಟ್ಟೆ ಕಟ್ಟೆಗೂ ಜವಾಬು ಕೊಡಬೇಕು. ಅದು ಬೇಸರ ಅಂದುಕೊಂಡಿದ್ದೆ. ಇಲ್ಲಿ ಮೂರನೇ ಮಹಡಿಯ ಮನೆ. ಮೆಟ್ಟಿಲ ಮೇಲೆ ಯಾರಾದರೂ ಎದುರಾದರೆ ‘ಗ್ರೂಸ್ ಗಾಟ್’ ಅನ್ನುತ್ತಾರೆ. ದೇವರು ನಿನ್ನನ್ನು ಹರಸಲಿ ಎಂಬಂಥ ಮಾತು. ನಾನೂ ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು. ಊಟ ಆಯ್ತೇನು ಎಂದು ಕೇಳುವವರಿಲ್ಲ. ಮೊದಲ ಚಳಿಗಾಲದಲ್ಲಿ ಸುರೇಖಾ ಡ್ಯೂಟಿಗೆ ಹೋದಾಗ ನಾನು ಒಬ್ಬನೇ ಕೂತು ಅತ್ತದ್ದೂ ಉಂಟು. ಅದನ್ನು ಯಾಕೆ ಮುಚ್ಚಿಡಲಿ?

ಆಮೇಲೆ ಮಗಳು ಹುಟ್ಟಿದಳು, ಮನೆ ತುಂಬಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮದಂತೂ ಖರೇ ಚೆಲುವೆ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಿತ್ತು. ಆಗಲಿಲ್ಲ. ನಿಲಂಗಾದ ಅತ್ತೆಗೆ ಮೊಣಕಾಲು ನೋವು, ಅಷ್ಟು ದೂರ ಬರಲಾರರು. “ಬೀಗತಿ, ನನ್ನ ಪಾಳಿ ನೀವೇ ಮಾಡ್ರಿ” ಎಂದು ನಮ್ಮವ್ವನಿಗೆ ಫೋನಿನಲ್ಲಿ ಒಪ್ಪಿಸಿದರು. ಹಾಗೆ ಅಪ್ಪ ಅವ್ವ ಇಬ್ಬರೂ ಬೇಸಿಗೆ ಕಳೆಯಲು ವಿಯೆನ್ನಾಕ್ಕೆ ಬಂದಿಳಿದರು. ಅವ್ವನ ಕೈಯಲ್ಲಿ ಜೋಳದ ಹಿಟ್ಟಿನ ಚೀಲ. ಅಪ್ಪನ ಹೆಗಲ ಮೇಲೆ, ಆ ಬಿಸಿಲಲ್ಲೂ, ಕರಿಯ ಕಂಬಳಿ.

ಈ ಕಂಬಳಿಯ ವಿಷಯ ಹೇಳಲೇಬೇಕು. ನಾವು ಕುರಿ ಕಾಯುವವರ ದೇವರು ಬೀರಪ್ಪನ ಒಕ್ಕಲು. ನಮಗೆ ಕಂಬಳಿ ಅಂದರೆ ಹೊದಿಕೆಯಲ್ಲ, ಗದ್ದುಗೆ. ಇದರ ಉಣ್ಣೆ ನಮ್ಮದೇ ಹಿಂಡಿನದು, ಅಜ್ಜಿ ಕೈಯಾರೆ ನೂತದ್ದು. ಹುಣಸೆಬೀಜದ ಗಂಜಿ ಕುಡಿಸಿದ್ದರಿಂದ ತಗಡಿನ ಹಾಗೆ ಬಿರುಸು. ಅಪ್ಪನನ್ನು ತೊಟ್ಟಿಲಿಗೆ ಹಾಕುವ ಮೊದಲು ಇದರ ಮೇಲೆ ಮಲಗಿಸಿ ಹೆಸರಿಟ್ಟರು. ನನ್ನನ್ನೂ, ನನ್ನ ತಮ್ಮನನ್ನೂ ಹಾಗೆಯೇ. ಈಗ ನಮ್ಮ ಮನೆಯಲ್ಲಿ ಹಿಂಡಿಲ್ಲ, ನೂಲುವ ಕೈಯೂ ಇಲ್ಲ. ಉಳಿದದ್ದು ಇದೊಂದೇ. ನನ್ನ ಮಗಳಿಗೆ ಹೆಸರಿಡಲೆಂದೇ ಅಪ್ಪ ಅದನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅವರು ಬಂದ ಎರಡನೆಯ ಭಾನುವಾರ ತೊಟ್ಟಿಲು ಎಂದು ಗೊತ್ತುಮಾಡಿದೆವು.

ಅಲ್ಲಿಯವರೆಗೆ ತಿರುಗಾಟ. ನಾನು ರಜೆ ಹಾಕಿದ್ದೆ, ಅವಸರವಿರಲಿಲ್ಲ. ಇಲ್ಲಿನವರು ಟ್ರಾಮಿಗೆ ಪ್ರೀತಿಯಿಂದ ‘ಬಿಮ್’ ಅನ್ನುತ್ತಾರೆ, ಗಂಟೆಯ ಸದ್ದಿನ ಹೆಸರು. ಅಪ್ಪನಿಗೆ ಬಿಮ್ ಬಹಳ ಹಿಡಿಸಿತು. ಅದು ಹೋದ ದಾರಿಯಲ್ಲೇ ತಿರುಗಿ ಬರುತ್ತದೆ, ಹಾಗಾಗಿ ಕಳೆದುಹೋಗುವ ಭಯವಿಲ್ಲ ಎಂಬುದು ಅವನ ಲೆಕ್ಕಾಚಾರ. ಜಾತ್ರೆಯಲ್ಲಿರುವಂಥ, ಆಕಾಶಕ್ಕೆ ಏರುವ ದೊಡ್ಡ ತಿರುಗು ತೊಟ್ಟಿಲಲ್ಲಿ ಅವ್ವ ಕಣ್ಣು ಮುಚ್ಚಿಕೊಂಡೇ ಕೂತು, ಇಳಿದ ಮೇಲೆ “ಊರೆಲ್ಲಾ ಭಾಳ ಚಂದ ಕಾಣ್ತದ” ಎಂದು ಸುರೇಖಾಗೆ ವರದಿ ಕೊಟ್ಟಳು. ಅರಮನೆಯ ಮುಂದೆ ಅಪ್ಪ ಹುಲ್ಲು ನೋಡುತ್ತ ನಿಂತ. “ಇಷ್ಟ ಹುಲ್ಲ ಅದ, ಮೇಯೋವು ಎಲ್ಲಿ ಅವ?” ಅಂದ. ಮೇಯಿಸುವುದು ಮನಾಯಿ, ಕೂರುವುದೂ ಮನಾಯಿ ಅಂದೆ. “ಹಂಗಾರ ಬೆಳಸ್ಯಾರ ಯಾಕ?” ಎಂದು ಅಪ್ಪ ಕೇಳಿದ.

ಭಾನುವಾರ ಇಲ್ಲಿ ಅಂಗಡಿ ಬಂದ್, ಸದ್ದೂ ಬಂದ್. ಬಂದ ಮೊದಲ ಭಾನುವಾರವೇ ಅವ್ವ ಬೆಳಿಗ್ಗೆ ಎದ್ದು ಟಪಟಪ ರೊಟ್ಟಿ ಬಡಿಯಲು ಕೂತಳು. ಕೆಳಗಿನ ಮನೆಯ ಮುದುಕ ಮೇಲೆ ಬಂದು ಬಾಗಿಲು ತಟ್ಟಿದ. ನಾನು ಕ್ಷಮೆ ಕೇಳುವ ಜರ್ಮನ್ ಮಾತು ಹುಡುಕುತ್ತಿರುವಾಗಲೇ ಅವ್ವ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ಅವನ ಕೈಗಿಟ್ಟಳು. ಅವನು ನಿಂತಲ್ಲೇ ತಿಂದ. ಖಾರಕ್ಕೆ ಮೂಗು ಕೆಂಪಾಯಿತು, ಆದರೂ ಇನ್ನೊಂದು ತಿಂದು ಹೋದ. ಇಷ್ಟು ದಿನ ನಾನು ಗಳಿಸದ ನೆರೆಹೊರೆಯನ್ನು ಅವ್ವ ಎರಡು ರೊಟ್ಟಿಯಲ್ಲಿ ಗಳಿಸಿದಳು.

ಶುಕ್ರವಾರ ಅಪ್ಪ, ಅವ್ವ, ನಾನು ತೊಟ್ಟಿಲಿಗೆ ಕರೆಯಲು ಹೊರಟೆವು. ಸುರೇಖಾಳ ಮಾವಶಿ, ಅಂದರೆ ಚಿಕ್ಕಮ್ಮನ ಮಗಳು ವೈಶಾಲಿ, ಅವಳೂ ನರ್ಸು, ನದಿಯ ಆಚೆ ಇರುತ್ತಾಳೆ. ಫೋನಿನಲ್ಲಿ ಹೇಳಿದರೆ ಸಾಕು ಅಂದೆ. “ತೊಟ್ಟಿಲಿಗಿ ಫೋನಿನಾಗ ಕರೀತಾರೇನೋ? ಹೊಸ್ತಿಲಕ್ಕ ಹೋಗಿ ಭಂಡಾರ ಹಚ್ಚಿ ಬರಬೇಕು” ಎಂದು ಅವ್ವ ಗದರಿದಳು. ಭಂಡಾರವೆಂದರೆ ಬೀರಪ್ಪನ ಅರಿಶಿನ ಪುಡಿ. ವೈಶಾಲಿಯ ಮನೆಯಲ್ಲಿ ಪುರಣ ಪೋಳಿ, ಕಟ್ಟಿನ ಸಾರು ಆಯಿತು, ಮರಾಠಿಯಲ್ಲಿ ಹರಟೆಯೂ ಆಯಿತು. ಅವ್ವ ಅವಳ ಹಣೆಗೆ ಭಂಡಾರ ಹಚ್ಚಿ ಕರೆದಳು. ತಿರುಗಿ ಬರುವಾಗ ದಾರಿಯಲ್ಲಿ ಒಂದು ದೊಡ್ಡ ಮೈದಾನದ ಹತ್ತಿರ ಇಳಿದೆವು. ಇಲ್ಲಿ ಹುಲ್ಲಿನ ಮೇಲೆ ಕೂರಬಹುದು, ಯಾರೂ ಸೀಟಿ ಊದುವುದಿಲ್ಲ ಎಂದಾಗ ಅಪ್ಪನ ಮುಖ ಅರಳಿತು. ಹೆಗಲ ಮೇಲಿದ್ದ ಕಂಬಳಿಯನ್ನು ಮರದ ನೆರಳಲ್ಲಿ ಹಾಸಿದ.

ಹತ್ತಿರದ ಬೆಂಚಿನಲ್ಲಿ ಒಬ್ಬ ಮುದುಕಿ ಕೂತು ಹೆಣಿಗೆ ಹಾಕುತ್ತಿದ್ದಳು. ಕಾಲ ಬಳಿ ಕಂದು ಬಣ್ಣದ ನಾಯಿ, ಒಂದು ಕಿವಿ ನಿಮಿರಿ ಇನ್ನೊಂದು ಜೋತುಬಿದ್ದದ್ದು. ಅಪ್ಪನಿಗೆ ಉಣ್ಣೆ ಕಂಡರೆ ಬಿಟ್ಟಾನೆಯೇ? ಎದ್ದು ಹೋಗಿ ಕೈ ಮಾಡಿ ಕರೆದ. ಅವಳು ಮೊದಲು ಹಿಂಜರಿದಳು, ಆಮೇಲೆ ಬಂದಳು. ಚಪ್ಪಲಿ ಬಿಡಬೇಕೆಂದು ಅಪ್ಪ ತನ್ನ ಪಾದ ತೋರಿಸಿದಾಗ ತಟ್ಟನೆ ತಿಳಿದುಕೊಂಡು ಶೂ ಬಿಚ್ಚಿ ಕಂಬಳಿಯ ನಡುವೆ ಕೂತಳು. ಒಬ್ಬಳೇ ಇರುತ್ತೇನೆ, ದಿನಾ ನಾಯಿಯ ಜೊತೆ ಇಲ್ಲಿಗೆ ಬರುತ್ತೇನೆ ಎಂದು ನನಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಅಪ್ಪ ಕದಿರು ತಿರುಗಿಸುವ ರೀತಿಯನ್ನು ಗಾಳಿಯಲ್ಲೇ ಮಾಡಿ ತೋರಿಸಿದ. ಅವಳು ತನ್ನ ಹೆಣಿಗೆ ತೋರಿಸಿದಳು. ಇಬ್ಬರಿಗೂ ಒಂದೇ ಭಾಷೆ ಬರುವವರ ಹಾಗೆ ಗಂಟೆಗಟ್ಟಲೆ ಮಾತಾಡಿದರು. ಅವ್ವ ನನ್ನ ಪಕ್ಕೆ ತಿವಿದು, “ನೋಡ್ ನಿಮ್ಮಪ್ಪನ ಆಟ” ಅಂದಳು.

ಅಷ್ಟರಲ್ಲಿ ಸುರೇಖಾಳ ಫೋನು. ಮಗು ಒಂದೇ ಸಮನೆ ಅಳುತ್ತಿದೆ, ಅತ್ತೆಯನ್ನು ಜಲ್ದಿ ಕರೆದುಕೊಂಡು ಬನ್ನಿ ಅಂದಳು. ಮುದುಕಿ ಇನ್ನೂ ಆರಾಮಾಗಿ ಕೂತಿದ್ದಳು. ನಾನು ಏಳಿ ಅಮ್ಮಾ ಅನ್ನಲು ಬಾಯಿ ತೆರೆದರೆ ಅಪ್ಪ ನನ್ನ ರಟ್ಟೆ ಹಿಡಿದ.

“ಕಂಬಳಿ ಮ್ಯಾಲ ಕುಂತವ್ರಿಗಿ ಏಳು ಅಂಬೋದಿಲ್ಲ. ನೀವು ನಡೀರಿ. ಆಕಿ ತಾನಾಗೇ ಎದ್ದ ಮ್ಯಾಲ ನಾ ಬಿಮ್ ಹತ್ತಿ ಬರ್ತೀನಿ.”

ಇದು ನಮ್ಮ ಮನೆಯ ರೀತಿ. ಗದ್ದುಗೆ ಮೇಲೆ ಕೂರಿಸಿದವರನ್ನು ಎಬ್ಬಿಸಬಾರದು. ವಾದ ಮಾಡಲು ಸಮಯವಿರಲಿಲ್ಲ, ನಾವು ಹೊರಟುಬಂದೆವು.

ಸಂಜೆ ಅಪ್ಪ ಸರಿಯಾಗಿ ಮನೆ ಮುಟ್ಟಿದ. ಬಾಗಿಲು ತೆರೆದ ಅವ್ವ ಅವನ ಮುಖ ನೋಡಲಿಲ್ಲ, ಹೆಗಲು ನೋಡಿದಳು.

“ಕಂಬ್ಳಿ ಎಲ್ಲಿ?”

ಅಪ್ಪ ಒಳಗೆ ಬಂದು ಕೂತ. ನೀರು ಕುಡಿದ. ಆಮೇಲೆ ಹೇಳಿದ. ಮುದುಕಿ ಎದ್ದಳು. ಅವನು ರೀತಿಯ ಪ್ರಕಾರ ಕಂಬಳಿ ಮಡಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಬಾಗಿ ಅವಳ ಮುಂದೆ ಹಿಡಿದ. ಊರಲ್ಲಾದರೆ ಕೂತೆದ್ದವರು ಅದನ್ನು ಹಣೆಗೆ ಮುಟ್ಟಿಸಿ ತಿರುಗಿ ಕೊಡುತ್ತಾರೆ. ಇವಳು ಎರಡೂ ಕೈಯಿಂದ ತೆಗೆದುಕೊಂಡಳು. ಎದೆಗೆ ಅವುಚಿಕೊಂಡಳು. ಕಣ್ಣಲ್ಲಿ ನೀರು ತಂದುಕೊಂಡು ‘ಡಾಂಕೆ, ಡಾಂಕೆ’ ಅಂದಳು. ನಾಯಿಯ ಹಗ್ಗ ಹಿಡಿದು ಹೊರಟೇಹೋದಳು.

“ಡಾಂಕೆ ಅಂದ್ರ ಏನೋ ಮಾಳ್ಯಾ?” ಎಂದು ಅಪ್ಪ ಕೇಳಿದ.

“ಉಪಕಾರ ಆಯ್ತು ಅಂತ. ನೀ ದಾನ ಕೊಟ್ಟಿ ಅಂತ ತಿಳ್ಕೊಂಡಾಳ.”

“ಹಿಂದ ಓಡಿ ಕೇಳ್ಬೇಕಿತ್ತಿಲ್ಲೋ!” ಎಂದು ಅವ್ವ ಹಣೆ ಚಚ್ಚಿಕೊಂಡಳು. “ನಾಡ್ದು ತೊಟ್ಟಿಲು. ಕೂಸಿಗಿ ಯಾತರ ಮ್ಯಾಲ ಮಲಗಸ್ತಿ? ನಿನ್ನ ಟೊಪ್ಪಿಗಿ ಮ್ಯಾಲ?”

“ಕೈಯಾಗ ಇಟ್ಟಿದ್ದು ಹ್ಯಾಂಗ ಕಸ್ಕೊಳ್ಳಿ? ಮುದುಕಿ ಅಳ್ಲತ್ತಿತ್ತು.”

“ಆಕಿ ಅಳ್ಲತ್ತಿದ್ಳು, ಈಗ ನಾ ಅಳ್ಲಾ?”

ಸುರೇಖಾ ಆಸ್ಪತ್ರೆ ಕೊಟ್ಟ ಮೆತ್ತನೆಯ ಬಿಳಿ ಹೊದಿಕೆ ತಂದು, ಇದರ ಮೇಲೆ ಮಲಗಿಸೋಣ ಮಾವಾ, ಇದೂ ನಮ್ಮ ಮಗಳದ್ದೇ ಅಂದಳು. ಅಪ್ಪ ಹೂಂ ಅಂದ. ಆದರೆ ಊಟಕ್ಕೆ ಏಳಲಿಲ್ಲ. ಕಿಟಕಿಯ ಬಳಿ ಕೂತವನ ಬಲಗೈ ಆಗಾಗ ಎಡ ಹೆಗಲಿಗೆ ಹೋಗಿ ಬರುತ್ತಿತ್ತು. ಪರದೇಶದಲ್ಲಿ ಹುಟ್ಟಿದ ಮೊಮ್ಮಗಳನ್ನು ತನ್ನ ಮನೆಗೆ ಸೇರಿಸಿಕೊಳ್ಳಲು ಅವನ ಹತ್ತಿರ ಇದ್ದದ್ದು ಆ ಕಂಬಳಿ ಒಂದೇ. ಇಲ್ಲೇ ಕಳೆದುಹೋದರೆ ತಪ್ಪು ನನ್ನ ವಲಸೆಯದು ಎಂದು ಅವನು ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ. ಅನ್ನದಿದ್ದರೂ ನನಗೆ ಕೇಳಿಸುತ್ತಿತ್ತು.

ಮರುದಿನ ಶನಿವಾರ ಬೆಳಿಗ್ಗೆ ಅವ್ವ ಭಂಡಾರದ ಚೀಲ ಸೊಂಟಕ್ಕೆ ಸಿಕ್ಕಿಸಿ ತಯಾರಾದಳು. “ಮುದುಕಿ ದಿನಾ ಬರ್ತಾಳಂತಲ್ಲ, ನಡಿ ಹುಡುಕೋಣು.” ಅಪ್ಪ ತಡೆದ. ಕೊಟ್ಟದ್ದನ್ನು ತಿರುಗಿ ಕೇಳಬೇಡಿ, ಬೀರಪ್ಪ ಮೆಚ್ಚುವುದಿಲ್ಲ ಅಂದ. “ಬೀರಪ್ಪನ ಜೋಡಿ ನಾ ಮಾತಾಡ್ತೀನಿ, ನೀ ಕೂಸಿಗಿ ನೋಡ್ಕೋ” ಎಂದು ಅವ್ವ ಬಾಗಿಲು ಎಳೆದುಕೊಂಡಳು.

ಮೈದಾನದಲ್ಲಿ ಬೆಂಚು ಖಾಲಿ. ಕಾದೆವು. ಹೊತ್ತು ಏರಿತು. ನನ್ನ ಕಣ್ಣಿಗೆ ಇಲ್ಲಿನ ಮುದುಕಿಯರೆಲ್ಲ ಒಂದೇ ಥರ ಕಾಣುತ್ತಾರೆ, ಬಹುಶಃ ಅವರಿಗೂ ನಾವು ಹಾಗೆಯೇ. ಅವ್ವ ಮನುಷ್ಯರನ್ನು ನೋಡುತ್ತಲೇ ಇರಲಿಲ್ಲ, ನಾಯಿಗಳನ್ನು ನೋಡುತ್ತಿದ್ದಳು. “ಅಗೋ, ಜೋತಗಿವಿದು!” ಎಂದು ಎದ್ದೇಬಿಟ್ಟಳು. ಹಿಂದೆ ಮುದುಕಿ. ನಮ್ಮನ್ನು ಕಂಡು ಎಷ್ಟು ಸಂತೋಷಪಟ್ಟಳೆಂದರೆ ಕಂಬಳಿಯ ಮಾತನ್ನು ನಾನು ಮುಂದಕ್ಕೆ ಹಾಕಿದೆ. ಮನೆಗೆ ಬರಲೇಬೇಕು, ಹತ್ತಿರವೇ ಇದೆ ಎಂದು ಅವ್ವನ ಕೈ ಹಿಡಿದು ಎಳೆದುಕೊಂಡು ಹೋದಳು. ಮೇಜಿನ ಮೇಲೆ ನಡುವೆ ತೂತಿರುವ ದೊಡ್ಡ ಕೇಕು, ಇಲ್ಲಿ ಅದಕ್ಕೆ ‘ಗೂಗಲ್‌ಹುಪ್ಫ್’ ಅನ್ನುತ್ತಾರೆ. ನಿಮಗೆಂದೇ ಮಾಡಿದ್ದು, ಇವತ್ತು ಮೈದಾನಕ್ಕೆ ತರಬೇಕೆಂದಿದ್ದೆ ಅಂದಳು. ಆಮೇಲೆ ಬಾಲ್ಕನಿಯ ಬಾಗಿಲು ತೆರೆದು ಹೆಮ್ಮೆಯಿಂದ ತೋರಿಸಿದಳು.

ತಂತಿಯ ಮೇಲೆ ನಮ್ಮ ಕಂಬಳಿ ಒಣಗುತ್ತಿತ್ತು. ಮಷೀನಿಗೆ ಹಾಕಿ ಬಿಸಿನೀರಿನಲ್ಲಿ ಒಗೆದಿದ್ದಳು. ಆಳುದ್ದದ ಕಂಬಳಿ ಕುಗ್ಗಿ ಕುಗ್ಗಿ ದಪ್ಪಗಾಗಿ ಟವೆಲಿನಷ್ಟಾಗಿತ್ತು. ಅಯ್ಯೋ ದೇವರೇ ಎಂದು ನನ್ನ ಬಾಯಿಂದ ಕನ್ನಡವೇ ಹೊರಟಿತು. ಅವಳೂ ಕೈ ಅಗಲಿಸಿ, ಸ್ವಲ್ಪ ಚಿಕ್ಕದಾಯಿತು ಎಂಬಂತೆ ನಾಚಿದಳು. ನನಗೆ ಬರುವ ಅಷ್ಟೂ ಜರ್ಮನ್ ಒಟ್ಟುಮಾಡಿ ಹೇಳಿದೆ. ಅದು ಉಡುಗೊರೆಯಲ್ಲ, ನಮ್ಮ ಅಜ್ಜಿ ನೂತದ್ದು, ನಾಳೆ ಮಗಳಿಗೆ ಹೆಸರಿಡಲು ಬೇಕು. ಕೇಳುತ್ತ ಕೇಳುತ್ತ ಅವಳ ಮುಖ ಬಿಳಚಿಕೊಂಡಿತು. ಎರಡೂ ಕೆನ್ನೆಗೆ ಕೈಯಿಟ್ಟು ಕುರ್ಚಿಯಲ್ಲಿ ಕುಸಿದಳು. ಬಿಕ್ಕಿದಳು.

ಅವ್ವ ನನ್ನನ್ನು ಬೈದಳು. “ಮುದುಕಿ ಅಳಂಗ ಹೇಳ್ಬೇಕೇನೋ? ಕಂಬಳ್ಯಾಗ ಉಣ್ಣಾಕ ಕುಂತು ಕೂದ್ಲಾ ಬಂತಂದ್ರ ಹ್ಯಾಂಗ? ಉಣ್ಣಿ ಕಂಬಳಿ ಅಂದ ಮ್ಯಾಲ ಕುಗ್ಗತದ.” ತಾನೇ ಹೋಗಿ ಕಂಬಳಿ ಇಳಿಸಿದಳು. ಮುಟ್ಟಿ ನೋಡಿದಳು. ಗಂಜಿಯ ಬಿರುಸೆಲ್ಲ ಹೋಗಿ ಮೆತ್ತಗಾಗಿತ್ತು. ಗೇಣು ಹಾಕಿ ಅಳೆದಳು. ಮತ್ತೆ ಅಳೆದಳು. “ತೊಟ್ಟಿಲದಷ್ಟೇ ಅದ, ನೋಡ್” ಅಂದಳು. ಆಮೇಲೆ ಸೊಂಟದ ಚೀಲ ಬಿಚ್ಚಿ, ಅಳುತ್ತಿದ್ದ ಮುದುಕಿಯ ಹಣೆಗೆ ಭಂಡಾರ ಹಚ್ಚಿದಳು. “ನಾಳಿ ಮುಂಜಾನಿ ಬರಬೇಕ್ರೀ” ಎಂದು ಕನ್ನಡದಲ್ಲೇ ಕರೆದಳು. ನಾನು ಅದನ್ನು ಜರ್ಮನ್‌ನಲ್ಲಿ ಹೇಳಿ ವಿಳಾಸ ಬರೆದು ಕೊಟ್ಟೆ.

ಭಾನುವಾರ ವೈಶಾಲಿ ಬಂದಳು. ಕೆಳಗಿನ ಮನೆಯ ಮುದುಕ, ಸದ್ದು ಮಾಡಿದರೆ ಈ ಹೊತ್ತು ಮಾಫಿ ಎಂದು ನಗುತ್ತ ಬಂದ. ಹಣೆಯ ಅರಿಶಿನ ಅಳಿಸದೆ ಮುದುಕಿಯೂ ಬಂದು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು. ಕಂಬಳಿ ಕುಗ್ಗಿದ ವಿಷಯ ನಾವು ಅಪ್ಪನಿಗೆ ಹೇಳಿರಲಿಲ್ಲ, ಸಿಕ್ಕಿತು ಎಂದಷ್ಟೇ ಹೇಳಿದ್ದೆವು. ಅವ್ವ ಅದನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅಪ್ಪ ಬಿಡಿಸಿದ. ಅಂಚು ಹಿಡಿದು ನೋಡಿದ. ಅಂಗೈಯಿಂದ ಸವರಿದ. ಮೂಗಿಗೆ ಹಿಡಿದ.

“ಕುರಿ ವಾಸ್ನಿ ಹೋಗ್ಯದ” ಅಂದ.

ಅಷ್ಟೇ. ಸಿಟ್ಟಲ್ಲ, ಅಳುವಲ್ಲ. ಮುದುಕಿಗೆ ಮಾತು ತಿಳಿಯದಿದ್ದರೂ ಧ್ವನಿ ತಿಳಿಯಿತು, ತಲೆ ತಗ್ಗಿಸಿದಳು. ಅಪ್ಪ ಅವಳತ್ತ ನೋಡಿದ. ಆಮೇಲೆ ಮುಷ್ಟಿ ತುಂಬ ಭಂಡಾರ ತೆಗೆದು ಕಂಬಳಿಯ ಮೇಲೆ ಎರಚಿ, ನೆಲಕ್ಕೆ ಹಾಸಿ, “ತಾ ಕೂಸಿಗಿ” ಅಂದ. ಸುರೇಖಾ ಮಗಳನ್ನು ಮಲಗಿಸಿದಳು. ಬೀರಪ್ಪನ ಅಕ್ಕ ಮಾಯವ್ವನ ಹೆಸರು ಎಂದು ಮೊದಲೇ ಮಾತಾಗಿತ್ತು. ಅವ್ವ ಕೂಸಿನ ಕಿವಿಯಲ್ಲಿ ‘ಮಾಯವ್ವ’ ಅಂದಳು. ಮಗಳು ಆ ಹೆಸರು ಕೇಳಿದ್ದೇ ತಡ, ಕಂಬಳಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಳು.

ಅಪ್ಪ ಬಗ್ಗಿ ಮತ್ತೆ ಮೂಸಿ ನೋಡಿದ. “ಈಗ ನಮ್ಮ ಮನಿ ಕಂಬ್ಳಿ ಆಯ್ತು!” ಅಂದ. ಮೊದಲು ನಕ್ಕವಳು ಸುರೇಖಾ, ಆಮೇಲೆ ಎಲ್ಲರೂ. ಯಾಕೆಂದು ತಿಳಿಯದ ಮುದುಕಿಯೂ ಕಣ್ಣೊರೆಸಿಕೊಂಡು ನಕ್ಕಳು. ಅಪ್ಪ ಅವಳ ಕೈಗೆ ತೊಟ್ಟಿಲ ಹಗ್ಗ ಕೊಟ್ಟ.

ಬೇಸಿಗೆ ಮುಗಿದು ಅವರು ಹೊರಟಾಗ ವಿಮಾನ ನಿಲ್ದಾಣದಲ್ಲಿ ಕಂಬಳಿ ಅಪ್ಪನ ಮುಂದೆ ಹಿಡಿದೆ. ಅವನು ತೆಗೆದುಕೊಂಡು ಹಣೆಗೆ ಮುಟ್ಟಿಸಿ ನನಗೇ ತಿರುಗಿ ಕೊಟ್ಟ. “ಹೆಗಲಿಗಿ ಸಣ್ಣದಾಗ್ಯದ, ಇಲ್ಲೇ ಇರ್ಲಿ” ಅಂದ. ಒಳಗೆ ಹೋಗುವಾಗ ಅವನ ಬಲಗೈ ಎಡ ಹೆಗಲಿಗೆ ಹೋಗಿ, ಅಲ್ಲಿ ಏನೂ ಇಲ್ಲದ್ದರಿಂದ ಟೊಪ್ಪಿಗೆ ಸರಿಮಾಡಿಕೊಂಡಿತು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಈಗ ರಜೆಯ ದಿನ ನಾವು ಮೂವರೂ ಆ ಮೈದಾನಕ್ಕೆ ಹೋಗುತ್ತೇವೆ. ಮುದುಕಿ ಬೆಂಚಿನಲ್ಲಿ ಹೆಣೆಯುತ್ತಿರುತ್ತಾಳೆ, ಜೋತಗಿವಿ ನಾಯಿ ಮಾಯವ್ವನ ಕಾಲು ಮೂಸುತ್ತದೆ. ಕಂಬಳಿ ಹಾಸಿದರೆ ಅದರ ಮೇಲೆ ಒಬ್ಬರಿಗೇ ಜಾಗ. ಇಲ್ಲೇ ಹುಟ್ಟಿದ ಮಗಳು ವಲಾಂಡಿಯ ಉಣ್ಣೆಯ ಮೇಲೆ ಕೂರುತ್ತಾಳೆ. ನಾನು ಪಕ್ಕದಲ್ಲಿ, ಹುಲ್ಲಿನ ಮೇಲೆ.